ತಿಪಟೂರಿನ ಕೈಚೀಲ, ಮೂರು ದೇಶದ ತಪಾಸಣೆ

ರಾತ್ರಿ ಹನ್ನೊಂದೂವರೆ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಎದುರು ಅಣ್ಣ ಕಾರು ನಿಲ್ಲಿಸಿ ಡಿಕ್ಕಿಯಿಂದ ಸೂಟ್‌ಕೇಸ್ ಇಳಿಸುತ್ತಿದ್ದ. ದೊಡ್ಡಮ್ಮ ತಮ್ಮ ಕೈಚೀಲವನ್ನು ಯಾರ ಕೈಗೂ ಕೊಡದೆ ಸೊಂಟಕ್ಕೆ ಅವಚಿಕೊಂಡು ನಿಂತಿದ್ದರು. ಸಂಜೆ ನಾನು ನೋಡಿದಾಗ ಅದು ಅಷ್ಟು ದಪ್ಪಗಿರಲಿಲ್ಲ. ಅಲ್ಲೇ ಟ್ರಾಲಿಯ ಮೇಲಿಟ್ಟು ಬಿಚ್ಚಿಸಿದೆ. ಶಾಲು, ಮಾತ್ರೆಯ ಡಬ್ಬಿ, ಕನ್ನಡಕ. ಅದರಡಿಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಆರು ಉಂಡೆ ಕೊಬ್ಬರಿ, ಒಂದು ದೊಡ್ಡ ಡಬ್ಬಿಯ ತುಂಬ ಸಾರಿನ ಪುಡಿ, ಮಂಡಿಗೆ ಹಚ್ಚುವ ಎಣ್ಣೆಯ 200 ಮಿಲಿ ಬಾಟಲಿ.

"ತೋಟದ್ದು ಕಣವ್ವ. ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿರೋ ಕೊಬ್ಬರಿ. ಮೊಮ್ಮಗಳಿಗೆ ಅಂತ ಎತ್ತಿಟ್ಟಿದ್ದೆ" ಅಂದರು.

ತಿಪಟೂರಿನವರಿಗೆ ಕೊಬ್ಬರಿ ಅಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಆದರೆ ಆ ಮೂರು ವಸ್ತುಗಳಲ್ಲಿ ಒಂದನ್ನೂ ಕೈಚೀಲದಲ್ಲಿ ಹಿಡಿದು ಮಗಳ ಮನೆ ಸೇರುವುದು ಸುಲಭವಿರಲಿಲ್ಲ. ಒಂದೊಂದಕ್ಕೂ ಅಡ್ಡ ನಿಲ್ಲುವ ನಿಯಮ ಬೇರೆ, ಆ ನಿಯಮ ಹುಟ್ಟಿದ ಕಾರಣವೂ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಆ ಪ್ರಯಾಣದಲ್ಲಿ, 77 ವರ್ಷದ ದೊಡ್ಡಮ್ಮನ ಪಕ್ಕದಲ್ಲಿ ನಿಂತು ಮೂರು ದೇಶಗಳ ಭದ್ರತಾ ತಪಾಸಣೆಯನ್ನು ಹತ್ತಿರದಿಂದ ನೋಡಿದೆ. ವರ್ಷವರ್ಷವೂ ಮಕ್ಕಳ ಮನೆಗೆಂದು ಹೊರಡುವ ನಮ್ಮ ಊರುಗಳ ಹಿರಿಯರಿಗೆ ಇದು ಗೊತ್ತಿರಬೇಕು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಕೊಬ್ಬರಿಗೂ ಒಂದು ಸಂಖ್ಯೆ

ಮೊದಲು ಕೊಬ್ಬರಿಯ ಮಾತು. ಒಣ ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಎಣ್ಣೆಯೇ ಇರುತ್ತದೆ. ರಾಶಿ ಬಿದ್ದರೆ ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ಹಾಗಾಗಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆ ಕೊಟ್ಟು, ತಾನಾಗಿ ಉರಿಯಬಲ್ಲ ವಸ್ತುಗಳ ಸಾಲಿನಲ್ಲಿ ಸೇರಿಸಿದ್ದಾರೆ. ನಮ್ಮ ದೇಶದಲ್ಲಿ ಅದನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಇಡೀ ತೆಂಗಿನಕಾಯಿಗೂ ಇಲ್ಲಿ ತಡೆಯಿತ್ತು. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರಿಗೆ ಮಾತ್ರ ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲೇ ಒಯ್ಯಲು ಮುಂದಿನ ಜನವರಿ 20ರವರೆಗೆ ಸಡಿಲಿಕೆ ಕೊಟ್ಟರು, ಅದೂ ಪೂರ್ತಿ ತಪಾಸಣೆಯ ನಂತರ.

ಇದನ್ನೆಲ್ಲ ದೊಡ್ಡಮ್ಮನಿಗೆ ಅಲ್ಲೇ ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಎಣ್ಣೆ ಇರೋದು ನಿಜ. ಗೋದಾಮಿಗೆ ಬೆಂಕಿ ಬಿದ್ರೆ ಆರ್ಸಕ್ಕೇ ಆಗಲ್ಲ" ಅಂದರು. ಕೊಬ್ಬರಿಯ ಗಂಟು ಅಣ್ಣನ ಕೈಗೆ ಹೋಯಿತು. ಸಾರಿನ ಪುಡಿ ಮತ್ತು ಎಣ್ಣೆಯ ಬಾಟಲಿ ದೊಡ್ಡ ಸೂಟ್‌ಕೇಸ್ ಸೇರಿದವು. ನಿಯಮದ ಕಾರಣ ಹೇಳಿದರೆ ಹಿರಿಯರು ಅದನ್ನು ಒಪ್ಪುತ್ತಾರೆ ಅನ್ನುವುದು ನನಗೆ ಈ ಪ್ರಯಾಣದ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು.

ಬಾಗಿಲಲ್ಲೇ ಬೀಳ್ಕೊಡುಗೆ

ಅಣ್ಣ ಅಲ್ಲಿಂದ ಮುಂದೆ ಬರುವಂತಿರಲಿಲ್ಲ. ಟರ್ಮಿನಲ್ ಬಾಗಿಲಲ್ಲಿ ಸಮವಸ್ತ್ರದ ಸಿಬ್ಬಂದಿ ಪಾಸ್‌ಪೋರ್ಟ್ ಮತ್ತು ಟಿಕೆಟ್ ನೋಡಿ, ಮುಖಕ್ಕೆ ಚಿತ್ರ ತಾಳೆ ಹಾಕಿ ಒಳಗೆ ಬಿಡುತ್ತಾರೆ. ದೇಶದೊಳಗಿನ ಪ್ರಯಾಣಕ್ಕೆ 2022ರ ಡಿಸೆಂಬರ್‌ನಿಂದ ಬೆಂಗಳೂರಿನಲ್ಲಿ ಡಿಜಿಯಾತ್ರಾ ಬಂದಿದೆ, ಕ್ಯಾಮೆರಾಕ್ಕೆ ಮುಖ ತೋರಿಸಿ ಒಳಹೋಗಬಹುದು. ನಾವು ಪಾಸ್‌ಪೋರ್ಟನ್ನೇ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತೆವು.

ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುವ ಈ ಪದ್ಧತಿ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಎಲ್ಲ ದೇಶಗಳಲ್ಲೂ ಹೀಗೇ ಇರುತ್ತದೆ ಅಂದುಕೊಂಡಿರುತ್ತೇವೆ. ಇಸ್ತಾಂಬುಲ್‌ನಲ್ಲಿ ಬಾಗಿಲಲ್ಲೇ ಸಾಮಾನು ಎಕ್ಸ್‌ರೇ ಯಂತ್ರಕ್ಕೆ ಹೋಗುತ್ತದೆ. ಆದರೆ ಯುರೋಪಿನ ಹೆಚ್ಚಿನ ಕಡೆ, ಅಮೆರಿಕದಲ್ಲಿ, ಯಾರು ಬೇಕಾದರೂ ಚೆಕ್-ಇನ್ ಹಾಲ್‌ವರೆಗೆ ನಡೆದು ಹೋಗಬಹುದು. ತಪಾಸಣೆ ಶುರುವಾಗುವುದು ಅಲ್ಲಿಂದ ಮುಂದೆ.

ನಮ್ಮಲ್ಲಿ ಬಾಗಿಲು ಇಷ್ಟು ಬಿಗಿಯಾದದ್ದಕ್ಕೆ ಹಿನ್ನೆಲೆಯಿದೆ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಅದಾದ ಮೇಲೆ ವಿಮಾನ ನಿಲ್ದಾಣಗಳ ಕಾವಲನ್ನು ರಾಜ್ಯಗಳ ಪೊಲೀಸರಿಂದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ನಾವು ಸಿಐಎಸ್‌ಎಫ್ ಅನ್ನುವವರಿಗೆ, ವಹಿಸುತ್ತ ಬಂದರು. ಮೊದಲ ನಿಲ್ದಾಣ ಜೈಪುರ, 2000ದ ಫೆಬ್ರವರಿ 3ರಂದು. ನಮ್ಮ ರಾಜ್ಯದವರಿಗೆ ಇನ್ನೊಂದು ದಿನವೂ ನೆನಪಿದೆ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದ ಪ್ರವೇಶದ್ವಾರದ ಬಳಿ ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕ ಸಿಕ್ಕಿತು. ಅದನ್ನು ಗುರುತಿಸಿದ್ದು ಇದೇ ಪಡೆ. ಕೆಂಜಾರಿನ ಬಯಲಿಗೆ ಒಯ್ದು ಅದನ್ನು ನಿಷ್ಕ್ರಿಯಗೊಳಿಸಿದರು. ಚೀಲ ಬಾಗಿಲಾಚೆಗೇ ಉಳಿದಿತ್ತು ಅನ್ನುವುದನ್ನು ನೆನೆದರೆ, ಅಣ್ಣ ಹೊರಗೇ ನಿಂತು ಕೈಬೀಸಬೇಕಾಗಿ ಬಂದದ್ದರ ಬೇಸರ ಕಡಿಮೆಯಾಗುತ್ತದೆ.

ಒಡೆಯನಿಲ್ಲದ ಲಗೇಜು

ಒಳಗೆ ಬಿದಿರಿನ ಚಾವಣಿ, ಮೇಲಿನಿಂದ ಇಳಿಬಿದ್ದ ಹಸಿರು ತೋಟ. ದೊಡ್ಡಮ್ಮ ಕತ್ತೆತ್ತಿ ನೋಡುತ್ತಲೇ ನಡೆದರು. ಚೆಕ್-ಇನ್ ಕೌಂಟರಿನಲ್ಲಿ ಸೂಟ್‌ಕೇಸ್‌ಗಳು ಬೆಲ್ಟಿನ ಮೇಲೆ ಹೊರಟು ಕಣ್ಮರೆಯಾದವು. "ಇನ್ನು ಇವು ಸಿಗೋದು ಎಲ್ಲಿ?" ಎಂದು ಕೇಳಿದರು. ಅಮೆರಿಕದಲ್ಲಿ ಎಂದೆ.

ಕಣ್ಣಿಗೆ ಕಾಣದಿದ್ದರೂ ಆ ಪೆಟ್ಟಿಗೆಗಳಿಗೆ ಒಳಗಡೆ ತಮ್ಮದೇ ತಪಾಸಣೆಯಿದೆ. ಅದರ ಜೊತೆಗೆ ಒಂದು ಲೆಕ್ಕವೂ ಇದೆ. ಲಗೇಜು ಕೊಟ್ಟವರು ವಿಮಾನ ಹತ್ತದಿದ್ದರೆ ಲಗೇಜನ್ನು ಹುಡುಕಿ ಕೆಳಗಿಳಿಸುತ್ತಾರೆ. ಗೇಟಿನಲ್ಲಿ ಒಬ್ಬ ಪ್ರಯಾಣಿಕರ ಹೆಸರನ್ನು ಮತ್ತೆ ಮತ್ತೆ ಕೂಗುವುದು, ಅವರು ಬಾರದಿದ್ದರೆ ವಿಮಾನ ತಡವಾಗುವುದು ಇದೇ ಕಾರಣಕ್ಕೆ.

ಇದರ ಹಿಂದೆ ನಮ್ಮದೇ ದೊಡ್ಡ ದುಃಖವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಕರಾವಳಿಯಾಚೆ ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸ್ ವ್ಯಾಂಕೂವರ್‌ನಲ್ಲಿ ಚೆಕ್-ಇನ್ ಆಗಿತ್ತು, ಅದನ್ನು ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. ಮೂರು ವರ್ಷದ ನಂತರ, 1988ರ ಡಿಸೆಂಬರ್ 21ರಂದು, ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಪ್ಯಾನ್ ಆ್ಯಮ್ 103 ವಿಮಾನ ಸ್ಫೋಟಗೊಂಡಿತು. ಸತ್ತವರು 270. ನ್ಯಾಯಾಲಯದ ತೀರ್ಪಿನ ಪ್ರಕಾರ ಅಲ್ಲಿಯೂ ಒಡೆಯನಿಲ್ಲದ ಸೂಟ್‌ಕೇಸೇ, ಮಾಲ್ಟಾದಿಂದ ಫ್ರಾಂಕ್‌ಫರ್ಟ್ ಮೂಲಕ ಲಂಡನ್‌ಗೆ ಬಂದದ್ದು. ಕನಿಷ್ಕ ದುರಂತದ ಬಳಿಕ, 1987ರ ಏಪ್ರಿಲ್ 1ರಂದು ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಸ್ವತಂತ್ರ ಇಲಾಖೆಯಾಯಿತು. ಭಾರತದ ನಿಲ್ದಾಣಗಳಲ್ಲಿ ಏನನ್ನು ಬಿಡಬೇಕು, ಏನನ್ನು ಬಿಡಬಾರದು ಅನ್ನುವ ನಿಯಮ ಬರೆಯುವುದು ಈ ಬ್ಯೂರೊ, ಅದನ್ನು ಜಾರಿ ಮಾಡುವುದು ಸಿಐಎಸ್‌ಎಫ್.

ಇಡೀ ಜಗತ್ತಿಗೆ ತಳಪಾಯದ ನಿಯಮವೂ ಒಂದಿದೆ. ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1974ರಲ್ಲಿ ಅಂಗೀಕರಿಸಿದ ಹದಿನೇಳನೇ ಅನುಬಂಧ. ಅದರಲ್ಲಿರುವುದು ಎಲ್ಲರೂ ಪಾಲಿಸಬೇಕಾದ ಕನಿಷ್ಠ ಮಟ್ಟ. ಅದರ ಮೇಲೆ ಪ್ರತಿ ದೇಶವೂ ತನಗೆ ಬಿದ್ದ ಪೆಟ್ಟನ್ನು ನೋಡಿಕೊಂಡು ಗೋಡೆ ಎಬ್ಬಿಸಿಕೊಂಡಿದೆ. ನಾವು ಕಾಣುವ ವ್ಯತ್ಯಾಸಗಳೆಲ್ಲ ಆ ಗೋಡೆಗಳು.

ಪರದೆಯ ಹಿಂದೆ ಮಂಡಿಯ ಸದ್ದು

ಇಮಿಗ್ರೇಷನ್ ಮುಗಿಸಿ ಸೆಕ್ಯುರಿಟಿ ಚೆಕ್ ಸಾಲಿಗೆ ಬಂದೆವು. ಫೋನು, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಟ್ರೇಯಲ್ಲಿ ಬೇರೆಯಾಗಿ ಇಡಬೇಕು. ನೀರಿನ ಬಾಟಲಿ ಖಾಲಿ ಮಾಡಬೇಕು. ಹುಬ್ಬಳ್ಳಿಗೆ ಹೋಗುವ ವಿಮಾನಕ್ಕಾದರೆ ನೀರಿನ ಬಾಟಲಿ ಹಿಡಿದೇ ಒಳಹೋಗಬಹುದು, ಫ್ರಾಂಕ್‌ಫರ್ಟ್‌ಗೆ ಹೋಗುವಾಗ ಆಗದು. ದ್ರವದ ಮೇಲಿನ ಮಿತಿ ನಮ್ಮಲ್ಲಿ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾತ್ರ.

ಭಾರತದ ತಪಾಸಣೆಯಲ್ಲಿ ಹೊರದೇಶದವರು ಮೊದಲು ಗಮನಿಸುವ ಸಂಗತಿ, ಇಲ್ಲಿ ಯಂತ್ರದ ಚೌಕಟ್ಟು ದಾಟಿದ ಮೇಲೂ ಪ್ರತಿಯೊಬ್ಬರನ್ನೂ ಕೈಯಲ್ಲಿ ಹಿಡಿದ ಮೆಟಲ್ ಡಿಟೆಕ್ಟರ್‌ನಿಂದ ನೋಡುವುದು. ಎರಡನೆಯದು, ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಗೂಡು, ಒಳಗೆ ಮಹಿಳಾ ಸಿಬ್ಬಂದಿ. ಪುಟ್ಟ ಮಣೆಯ ಮೇಲೆ ಹತ್ತಿ ಕೈ ಅಗಲಿಸಿ ನಿಲ್ಲಬೇಕು.

ದೊಡ್ಡಮ್ಮ ಹತ್ತಿ ನಿಂತರು. ಯಂತ್ರ ಬಳೆಗಳ ಹತ್ತಿರ ಕೂಗಿತು, ತಾಳಿಯ ಹತ್ತಿರ ಕೂಗಿತು. ಸಿಬ್ಬಂದಿ ಕಣ್ಣಲ್ಲೇ ನೋಡಿ ಮುಂದೆ ಸರಿದರು. ಎಡಮಂಡಿಯ ಹತ್ತಿರ ಬಂದಾಗ ಉದ್ದಕ್ಕೆ ಕೂಗಿತು. ಎರಡು ವರ್ಷದ ಹಿಂದೆ ಆ ಮಂಡಿಗೆ ಲೋಹದ ಕೀಲು ಹಾಕಿಸಿದ್ದಾರೆ. ಹೊರಗೆ ಏನೂ ಕಾಣದು, ಸೀರೆಯ ಮರೆಯಲ್ಲಿ ಉದ್ದನೆಯ ಹೊಲಿಗೆಯ ಗುರುತು ಮಾತ್ರ.

ನನ್ನ ಸರದಿ ಮುಂದಿನದಾದ್ದರಿಂದ ಪರದೆಯ ಪಕ್ಕದಲ್ಲೇ ಇದ್ದೆ. "ಆಪರೇಷನ್ ಆಗಿದೆ" ಎಂದೆ. ಆಕೆ ತಲೆಯಾಡಿಸಿ, ಕೈಯಿಂದ ಮೆಲ್ಲಗೆ ಮಂಡಿಯನ್ನು ಒತ್ತಿ ನೋಡಿ, ದೊಡ್ಡಮ್ಮನ ಮೊಳಕೈ ಹಿಡಿದು ಮಣೆಯಿಂದ ಇಳಿಸಿದರು. ವೈದ್ಯರ ಪತ್ರವನ್ನು ಮುಂದೆ ಮಾಡಿದ್ದೆ, ಓದಿ ಹಿಂದೆ ಕೊಟ್ಟರು. ಪತ್ರ ಇದ್ದರೆ ಮಾತು ಸುಲಭವಾಗುತ್ತದೆ, ತಪಾಸಣೆ ತಪ್ಪುವುದಿಲ್ಲ. ಪರದೆಯ ಹಿಂದೆ ಹೆಂಗಸೊಬ್ಬರೇ ನೋಡಿದ್ದರಿಂದ ದೊಡ್ಡಮ್ಮನಿಗೆ ಕಸಿವಿಸಿ ಆಗಲಿಲ್ಲ. ಈ ಪರದೆಯ ಮರ್ಯಾದೆ ನಮ್ಮ ನಿಲ್ದಾಣಗಳು ಕೊಡುವ ದೊಡ್ಡ ಸೌಜನ್ಯ. ಮುಂದಿನ ಎರಡು ದೇಶಗಳನ್ನು ನೋಡಿದ ಮೇಲೆ ಇದರ ಬೆಲೆ ಹೆಚ್ಚು ತಿಳಿಯಿತು.

ಫ್ರಾಂಕ್‌ಫರ್ಟ್: ಇಳಿದವರಿಗೆ ಮತ್ತೆ ತಪಾಸಣೆ

ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮುಂದಿನ ವಿಮಾನದ ಗೇಟು ಹುಡುಕುತ್ತ ನಡೆದರೆ ಮತ್ತೆ ಟ್ರೇಗಳು, ಮತ್ತೆ ಸಾಲು. "ರಾತ್ರಿ ನೋಡಿದ್ರಲ್ಲ, ವಿಮಾನದಿಂದ ಹೊರಗೇ ಹೋಗಿಲ್ಲ. ಮತ್ತೆ ಯಾಕೆ?" ಎಂದರು ದೊಡ್ಡಮ್ಮ. ನ್ಯಾಯವಾದ ಪ್ರಶ್ನೆ.

ಉತ್ತರ ದೇಶಗಳ ನಡುವಿನ ಒಪ್ಪಂದದಲ್ಲಿದೆ. ಒಂದು ದೇಶದ ತಪಾಸಣೆ ತನ್ನದಕ್ಕೆ ಸಮ ಎಂದು ಯುರೋಪಿಯನ್ ಒಕ್ಕೂಟ ಒಪ್ಪಿಕೊಂಡರೆ, ಅಲ್ಲಿಂದ ಬಂದವರನ್ನು ಮತ್ತೆ ತಡೆಯುವುದಿಲ್ಲ. ಇದಕ್ಕೆ ಒಂದೇ ನಿಲುಗಡೆಯ ಭದ್ರತೆ ಅನ್ನುತ್ತಾರೆ. 2011ರಿಂದ ಅಮೆರಿಕದ ನಿಲ್ದಾಣಗಳಿಂದ ಬಂದವರಿಗೆ ಈ ಸೌಲಭ್ಯವಿದೆ. ಭಾರತ ಆ ಪಟ್ಟಿಯಲ್ಲಿ ಇಲ್ಲದ್ದರಿಂದ ನಾವು ಮತ್ತೆ ಸಾಲಿಗೆ ನಿಲ್ಲಬೇಕು. ನಮ್ಮ ಸಿಬ್ಬಂದಿ ಸರಿಯಾಗಿ ನೋಡಿಲ್ಲವೆಂದು ಇದರ ಅರ್ಥವಲ್ಲ, ಎರಡು ಸರ್ಕಾರಗಳ ನಡುವೆ ಆ ಒಪ್ಪಿಗೆ ಆಗಿಲ್ಲವೆಂದಷ್ಟೇ ಅರ್ಥ.

ಈ ಎರಡನೇ ತಪಾಸಣೆಯಲ್ಲಿ ನಮ್ಮವರು ಹೆಚ್ಚಾಗಿ ಕಳೆದುಕೊಳ್ಳುವುದು ದ್ರವ ಪದಾರ್ಥ. 2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉರುಳಿಸುವ ಸಂಚು ಅದು. ಅದೇ ವರ್ಷ ಅಮೆರಿಕ ಮತ್ತು ಯುರೋಪಿನಲ್ಲಿ ಈ ಅಳತೆ ಬಂತು: ಒಂದೊಂದು ಬಾಟಲಿ 100 ಮಿಲಿಗಿಂತ ದೊಡ್ಡದಿರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಲೆಕ್ಕಕ್ಕೆ ಬರುವುದು ಬಾಟಲಿಯ ಗಾತ್ರ, ಒಳಗೆ ಎಷ್ಟಿದೆ ಅನ್ನುವುದಲ್ಲ. ದೊಡ್ಡಮ್ಮನ 200 ಮಿಲಿ ಎಣ್ಣೆ ಬಾಟಲಿಯಲ್ಲಿ ಕಾಲು ಭಾಗವೇ ಉಳಿದಿತ್ತು, ಆದರೂ ಅದು ಇಲ್ಲಿ ದಾಟುತ್ತಿರಲಿಲ್ಲ. ಉಪ್ಪಿನಕಾಯಿ, ಜೇನುತುಪ್ಪ, ಮೊಸರು, ಟೂತ್‌ಪೇಸ್ಟ್ ಕೂಡ ಈ ಲೆಕ್ಕದಲ್ಲಿ ದ್ರವವೇ.

ಸುಂಕರಹಿತ ಅಂಗಡಿಯಲ್ಲಿ ಕೊಂಡದ್ದಕ್ಕೆ ಬೇರೆ ನಿಯಮ. ಅಂಗಡಿಯವರು ಕೆಂಪು ಅಂಚಿನ ಚೀಲದಲ್ಲಿ, ರಸೀದಿ ಹೊರಗೆ ಕಾಣುವಂತೆ ಹಾಕಿ ಮುದ್ರೆ ಒತ್ತಿ ಕೊಟ್ಟಿದ್ದರೆ, ಮತ್ತು ಆ ಮುದ್ರೆ ಬಿಚ್ಚಿರದಿದ್ದರೆ, ತಪಾಸಣೆ ಮಾಡಿ ಬಿಡುತ್ತಾರೆ. ಹಿಂದೊಮ್ಮೆ ಬೇರೊಂದು ಊರಿನ ನಿಲ್ದಾಣದಲ್ಲಿ, ನಮ್ಮ ವಿಮಾನದಲ್ಲೇ ಬಂದ ಯುವಕನೊಬ್ಬ ಅತ್ತೆಗೆಂದು ಕೊಂಡ ಸುಗಂಧದ್ರವ್ಯವನ್ನು ಮೂಸಿ ನೋಡಲು ಚೀಲ ಒಡೆದಿದ್ದ. ಅದು ಕಸದ ಬುಟ್ಟಿಗೆ ಹೋದಾಗ ಅವನ ಮುಖ ನೋಡಲಾಗಲಿಲ್ಲ. ಕೊನೆಯ ಮನೆ ಮುಟ್ಟುವವರೆಗೆ ಆ ಚೀಲ ಒಡೆಯಬಾರದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಇಲ್ಲಿ ಪರದೆಯ ಗೂಡಿಲ್ಲ. ಗಂಡಸರು ಹೆಂಗಸರು ಒಂದೇ ಸಾಲು. ಎರಡು ಫಲಕಗಳ ನಡುವೆ ನಿಂತು ಕೈಗಳನ್ನು ದೇಹದಿಂದ ತುಸು ದೂರ ಹಿಡಿಯಬೇಕು. ಮುಟ್ಟಿ ನೋಡಬೇಕಾದರೆ ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ, ಆದರೆ ಎಲ್ಲರ ಎದುರಿನಲ್ಲಿ. ಬೇಡವೆಂದರೆ ಬೇರೆ ಕೋಣೆ ಕೇಳಬಹುದು. ಯಂತ್ರದೊಳಗೆ ನಿಲ್ಲಲು ಇಷ್ಟವಿಲ್ಲದವರು ಕೈಯಿಂದ ನೋಡಿ ಎಂದು ಕೇಳುವ ಹಕ್ಕೂ ಯುರೋಪಿನಲ್ಲಿದೆ.

ಗೇಟಿನ ಪ್ರಶ್ನೆ, ಡಬ್ಬಿಯ ಪುಡಿ

ಅಮೆರಿಕಕ್ಕೆ ಹೋಗುವ ವಿಮಾನ ಯಾವ ದೇಶದಿಂದ ಹೊರಟರೂ ಅದಕ್ಕೆ ಅಮೆರಿಕದ ನಿಯಮಗಳು ಅಂಟಿಕೊಂಡಿರುತ್ತವೆ. 2017ರ ಅಕ್ಟೋಬರ್ ಕೊನೆಯಿಂದ ಇಂಥ ವಿಮಾನಗಳ ಪ್ರಯಾಣಿಕರನ್ನು ಪ್ರಶ್ನಿಸುವ ಪದ್ಧತಿ ಬಂದಿದೆ. ಲಗೇಜು ಯಾರು ತುಂಬಿದ್ದು, ತುಂಬಿದ ಮೇಲೆ ಅದು ಎಲ್ಲಿತ್ತು, ಯಾರಾದರೂ ಏನಾದರೂ ತಲುಪಿಸಲು ಕೊಟ್ಟಿದ್ದಾರೆಯೇ?

ನಮ್ಮ ಮನೆಗಳಲ್ಲಿ ಅಮೆರಿಕಕ್ಕೆ ಹೊರಟವರ ಸೂಟ್‌ಕೇಸ್ ತುಂಬುವುದು ಇಡೀ ಮನೆಯ ಕೆಲಸ. ಸೊಸೆ ಸೀರೆ ಮಡಿಸುತ್ತಾಳೆ, ಪಕ್ಕದ ಮನೆಯವರು ಮಗನಿಗೊಂದು ಪೊಟ್ಟಣ ಕೊಡುತ್ತಾರೆ. ದೊಡ್ಡಮ್ಮನಿಗೆ ನಾನು ಮೊದಲೇ ಹೇಳಿದ್ದೆ: ಯಾರು ಕೊಟ್ಟ ಪೊಟ್ಟಣವನ್ನೂ ಬಿಚ್ಚಿ ನೋಡದೆ ಇಡಬೇಡಿ, ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಗೇಟಿನಲ್ಲಿ ಅವರು ಕನ್ನಡದಲ್ಲೇ, "ನಾನೇ ತುಂಬಿದ್ದು. ಸೊಸೆ ಜೊತೇಲಿದ್ಲು. ಪರರದ್ದು ಒಂದು ಕಡ್ಡಿನೂ ಇಲ್ಲ" ಎಂದರು. ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಕೇಳಿದಾಕೆ ನಕ್ಕು ಪಾಸ್‌ಪೋರ್ಟ್ ಹಿಂದಿರುಗಿಸಿದರು.

ಸಾರಿನ ಪುಡಿಯ ವಿಷಯವೂ ಇಲ್ಲೇ ಬರುತ್ತದೆ. 2017ರ ಜುಲೈನಲ್ಲಿ ಸಿಡ್ನಿಯಲ್ಲಿ ವಿಮಾನವೊಂದನ್ನು ಉರುಳಿಸುವ ಸಂಚು ಬಯಲಾಯಿತು. ಅದರ ಹಿನ್ನೆಲೆಯಲ್ಲಿ ಮರುವರ್ಷ ಜೂನ್ 30ರಿಂದ ಅಮೆರಿಕಕ್ಕೆ ಬರುವ ವಿಮಾನಗಳ ಕೈಚೀಲದಲ್ಲಿ ಪುಡಿಗೆ ಮಿತಿ ಬಂತು, ಆಸ್ಟ್ರೇಲಿಯವೂ ಹಾಗೇ ಮಾಡಿತು. ಮಿತಿ 350 ಮಿಲಿ, ಅಂದರೆ ತಂಪು ಪಾನೀಯದ ಒಂದು ಡಬ್ಬಿಯಷ್ಟು. ಅದಕ್ಕಿಂತ ಹೆಚ್ಚಿದ್ದರೆ ಬಿಚ್ಚಿ ಪರೀಕ್ಷಿಸಬಹುದು, ಏನೆಂದು ತಿಳಿಯದಿದ್ದರೆ ವಿಮಾನಕ್ಕೆ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿ ಪುಡಿ, ಹುರಿಹಿಟ್ಟು ಇಲ್ಲದೆ ಹೊರಡುವ ಕನ್ನಡದ ಮನೆ ಯಾವುದಿದೆ? ಅವುಗಳ ಜಾಗ ದೊಡ್ಡ ಸೂಟ್‌ಕೇಸ್. ಸಿಡ್ನಿಯ ಸಂಚಿಗೂ ತಿಪಟೂರಿನ ಡಬ್ಬಿಗೂ ಹೀಗೊಂದು ನಂಟು ಬೆಳೆದಿದೆ.

ಸ್ಯಾನ್ ಫ್ರಾನ್ಸಿಸ್ಕೊ: ಮಂಡಿ ಸುಮ್ಮನಿತ್ತು

ಎರಡು ತಿಂಗಳ ಮೇಲೆ ಹಿಂದಿರುಗುವ ದಿನ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ದೊಡ್ಡಮ್ಮನ ಮಗಳು, ಅಂದರೆ ನನ್ನ ತಂಗಿ, ಅವಳ ಗಂಡ, ಮೊಮ್ಮಗಳು ಎಲ್ಲರೂ ಒಳಗೇ ಬಂದರು. ಚೆಕ್-ಇನ್ ಆಗುವವರೆಗೆ ಜೊತೆಗಿದ್ದು, ತಪಾಸಣೆಯ ಸಾಲಿನ ಬಾಯಲ್ಲಿ ಅಜ್ಜಿಯನ್ನು ಅಪ್ಪಿಕೊಂಡು ಬೀಳ್ಕೊಟ್ಟರು. 2001ಕ್ಕೆ ಮುಂಚೆ ಅಲ್ಲಿ ನೆಂಟರು ವಿಮಾನದ ಗೇಟಿನವರೆಗೂ ಹೋಗಬಹುದಿತ್ತು. ಆ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ, ನವೆಂಬರ್ 19ರಂದು ಬಂದ ಕಾನೂನಿನಿಂದ ಟಿಎಸ್‌ಎ ಎಂಬ ಸಂಸ್ಥೆ ಹುಟ್ಟಿತು, ಅಮೆರಿಕದ ನಿಲ್ದಾಣಗಳ ತಪಾಸಣೆ ಅದರ ಹೊಣೆಯಾಯಿತು. ಆದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಕೆಲಸ ಮಾಡುವವರು ಟಿಎಸ್‌ಎ ನಿಯಮದಡಿ ನಡೆಯುವ ಗುತ್ತಿಗೆ ಸಂಸ್ಥೆಯ ಸಿಬ್ಬಂದಿ. ನಮ್ಮಲ್ಲಿರುವಂತೆ ಹೊರಡುವವರಿಗೆ ಇಮಿಗ್ರೇಷನ್ ಕೌಂಟರ್ ಕೂಡ ಅಲ್ಲಿಲ್ಲ.

ದೊಡ್ಡಮ್ಮ ಅಭ್ಯಾಸಬಲದಿಂದ ಬಗ್ಗಿ ಚಪ್ಪಲಿ ಬಿಡಲು ಹೋದರು. ಸಿಬ್ಬಂದಿ ಬೇಡವೆಂದು ಕೈಯಾಡಿಸಿದರು. 2001ರ ಡಿಸೆಂಬರ್ 22ರಂದು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ಒಬ್ಬನು ಬೂಟಿನೊಳಗೆ ಅಡಗಿಸಿದ ಸ್ಫೋಟಕಕ್ಕೆ ಬೆಂಕಿ ಹಚ್ಚಲು ನೋಡಿದ್ದ. 2006ರಿಂದ ಅಮೆರಿಕದಲ್ಲಿ ಎಲ್ಲರೂ ಬೂಟು ಬಿಚ್ಚಬೇಕಾಯಿತು. 75 ದಾಟಿದವರಿಗೆ, 12ರವರೆಗಿನ ಮಕ್ಕಳಿಗೆ ಆಮೇಲೆ ವಿನಾಯಿತಿ ಸಿಕ್ಕಿತು. 2025ರ ಜುಲೈ 8ರಂದು ಆ ನಿಯಮವನ್ನೇ ಕೈಬಿಟ್ಟರು.

ಬಳಿಕ ಸ್ಕ್ಯಾನರ್. ನೆಲದ ಮೇಲೆ ಬರೆದ ಪಾದದ ಗುರುತಿನ ಮೇಲೆ ಕಾಲಿಟ್ಟು, ಎರಡೂ ಕೈ ತಲೆಯ ಮೇಲೆತ್ತಿ ನಿಂತರು. ಮಂಡಿಗೆ ಏನೆನ್ನುತ್ತದೋ ಎಂದು ನಾನು ಕಾಯುತ್ತಿದ್ದೆ. ಪರದೆಯ ಮೇಲೆ ಗೊಂಬೆಯಂಥ ಆಕೃತಿ ಮೂಡಿತು. ಹಳದಿ ಚೌಕ ಬಿದ್ದದ್ದು ಮಂಡಿಯ ಮೇಲಲ್ಲ, ಸೀರೆಯ ನೆರಿಗೆಯ ಮೇಲೆ ಮತ್ತು ತುರುಬಿನ ಮೇಲೆ.

ಇದರಲ್ಲಿ ಆಶ್ಚರ್ಯವಿಲ್ಲ, ವಿಜ್ಞಾನವಿದೆ. ಮೆಟಲ್ ಡಿಟೆಕ್ಟರ್ ಕೆಲಸ ಮಾಡುವುದು ಕಾಂತಕ್ಷೇತ್ರದಿಂದ, ಅದಕ್ಕೆ ಚರ್ಮದೊಳಗಿನ ಲೋಹವೂ ಸಿಗುತ್ತದೆ. ಈ ಸ್ಕ್ಯಾನರ್ ಬಳಸುವುದು ಮಿಲಿಮೀಟರ್ ಅಲೆ. ಅದು ಬಟ್ಟೆಯನ್ನು ದಾಟಿ ಚರ್ಮಕ್ಕೆ ಬಡಿದು ಹಿಂದಿರುಗುತ್ತದೆ, ಒಳಗೆ ಇಳಿಯುವುದಿಲ್ಲ. ಲೋಹದ ಕೀಲು ಅದಕ್ಕೆ ಕಾಣದು. ಐದಾರು ಪದರವಾಗಿ ಮಡಿಸಿ ಸಿಕ್ಕಿಸಿದ ನೆರಿಗೆ, ಗಂಟುಹಾಕಿದ ಕೂದಲು ಮಾತ್ರ ದಪ್ಪ ವಸ್ತುವಿನಂತೆ ಕಾಣುತ್ತವೆ. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯ್ಟ್‌ಗೆ ಹೊರಟ ವಿಮಾನದಲ್ಲಿ ಒಬ್ಬನು ಒಳಉಡುಪಿನಲ್ಲಿ ಸ್ಫೋಟಕ ತಂದಿದ್ದ. ಅದರಲ್ಲಿ ಲೋಹ ಇರಲಿಲ್ಲ. ಲೋಹವಲ್ಲದ್ದನ್ನೂ ಹಿಡಿಯುವ ಈ ಯಂತ್ರಗಳು ಅದರ ನಂತರ ಎಲ್ಲೆಡೆ ಹರಡಿದವು. ಬೆಂಗಳೂರಿನಲ್ಲಿ ಕೂಗಿದ ಮಂಡಿ ಇಲ್ಲಿ ಸುಮ್ಮನಿದ್ದು, ಅಲ್ಲಿ ಸುಮ್ಮನಿದ್ದ ನೆರಿಗೆ ಇಲ್ಲಿ ಸಿಕ್ಕಿಬಿದ್ದದ್ದು ಹೀಗೆ.

ಮಹಿಳಾ ಸಿಬ್ಬಂದಿಯೊಬ್ಬರು ಬಂದು, ಎಲ್ಲಿ ಮುಟ್ಟುತ್ತೇನೆ, ಹೇಗೆ ಮುಟ್ಟುತ್ತೇನೆ ಎಂದು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದರು. ಬೇರೆ ಕೋಣೆ ಬೇಕೇ, ಜೊತೆಗೆ ಒಬ್ಬರು ಬರಬಹುದು ಎಂದೂ ಕೇಳಿದರು. ನಾನು ಕನ್ನಡಕ್ಕೆ ತಂದೆ. ದೊಡ್ಡಮ್ಮ, "ಇಲ್ಲೇ ನೋಡ್ಲಿ ಬಿಡವ್ವ" ಎಂದು ನೆರಿಗೆ ತುಸು ಸಡಿಲಿಸಿ ನಿಂತರು. ಕೈಯ ಹಿಂಬದಿಯಿಂದ ನೆರಿಗೆ ತಡವಿ, ತುರುಬು ಮುಟ್ಟಿ, ಅಂಗೈಗೆ ಬಟ್ಟೆಯ ಚೂರು ಸವರಿ ಯಂತ್ರಕ್ಕೆ ಕೊಟ್ಟರು. ಸ್ಫೋಟಕದ ಕಣ ಅಂಟಿದೆಯೇ ಎಂದು ನೋಡುವ ಪರೀಕ್ಷೆ ಅದು. ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಇಲ್ಲದಿದ್ದರೆ ಅವರ ಮನಸ್ಸು ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಬೇರೆ ಕಡೆಗಳಲ್ಲಿ

ಸಿಂಗಪುರದ ಚಾಂಗಿ ನಿಲ್ದಾಣದ ಹಳೆಯ ಟರ್ಮಿನಲ್‌ಗಳಲ್ಲಿ ತಪಾಸಣೆ ಇರುವುದು ಗೇಟಿನ ಬಾಗಿಲಲ್ಲಿ. ಅಲ್ಲಿಯವರೆಗೆ ನೀರಿನ ಬಾಟಲಿ ಹಿಡಿದು ಅಂಗಡಿ ಸುತ್ತಬಹುದು, ಗೇಟಿಗೆ ಮುಂಚೆ ಖಾಲಿ ಮಾಡಬೇಕು. ಹೊರಡುವ ಅರ್ಧ ಗಂಟೆ ಮುಂಚೆ ಗೇಟಿಗೆ ಬಂದವರಿಗೆ ಅಲ್ಲಿ ಸಾಲು ಎದುರಾಗುತ್ತದೆ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕುಳಿತು ಇಮಿಗ್ರೇಷನ್ ಮುಗಿಸಿ ಕಳಿಸುತ್ತಾರೆ, ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ಪ್ರಯಾಣಿಕರಂತೆ ನೇರ ಹೊರಗೆ ನಡೆಯಬಹುದು. ಇಸ್ರೇಲಿನಲ್ಲಿ ಯಂತ್ರಕ್ಕಿಂತ ಮಾತಿನ ತಪಾಸಣೆ ಹೆಚ್ಚು. 1972ರ ಮೇ 30ರಂದು ಲೋಡ್ ನಿಲ್ದಾಣದಲ್ಲಿ 26 ಜನರನ್ನು ಕೊಂದವರು ಪ್ರಯಾಣಿಕರ ವೇಷದಲ್ಲೇ ಬಂದಿಳಿದಿದ್ದರು. ಅಲ್ಲಿನವರು ಚೀಲಕ್ಕಿಂತ ಮೊದಲು ಮನುಷ್ಯನನ್ನು ಓದಲು ಕಲಿತರು.

ನಿಯಮಗಳು ಸಡಿಲವಾಗುವುದೂ ಉಂಟು. ಚೀಲದ ಒಳಗನ್ನು ಎಲ್ಲ ಕೋನದಿಂದ ತೋರಿಸುವ ಸಿಟಿ ಸ್ಕ್ಯಾನರ್ ಹಾಕಿದ ಮೇಲೆ ಎಡಿನ್‌ಬರೊ ನಿಲ್ದಾಣ 2025ರ ಜುಲೈನಲ್ಲಿ 100 ಮಿಲಿ ಮಿತಿಯನ್ನು ತೆಗೆದು 2 ಲೀಟರ್‌ವರೆಗೆ ಬಿಟ್ಟಿತು. ಆದರೆ ಹೋಗುವಾಗ ಬಿಟ್ಟ ಬಾಟಲಿಯನ್ನು ಬರುವಾಗ ಇನ್ನೊಂದು ಊರು ಬಿಡದೇ ಹೋಗಬಹುದು. ದಾರಿಯಲ್ಲಿ ಎಷ್ಟು ನಿಲ್ದಾಣಗಳಿವೆಯೋ, ಅವುಗಳಲ್ಲಿ ಅತಿ ಬಿಗಿಯಾದ ನಿಯಮಕ್ಕೆ ಹೊಂದುವಂತೆ ಕೈಚೀಲ ತುಂಬುವುದೇ ಜಾಣತನ.

ಮನೆಯವರಿಗೆ ಒಂದು ಮಾತು

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಒಬ್ಬಂಟಿಯಾಗಿ ಪ್ರಯಾಣ ಮಾಡುತ್ತಾರೆ. ಚೆನ್ನಾಗಿ ನಡೆಯಬಲ್ಲವರೂ ವೀಲ್‌ಚೇರ್ ಕೇಳುತ್ತಾರೆ. ಅದು ಕಾಲಿನ ನೋವಿಗಲ್ಲ, ಭಾಷೆಯ ಭಯಕ್ಕೆ. ಯಂತ್ರ ಕೂಗಿದರೆ, ಬೇರೆ ಕಡೆ ನಿಲ್ಲಿಸಿದರೆ, ತಾನೇನೋ ತಪ್ಪು ಮಾಡಿದೆನೆಂದು ಕುಗ್ಗಿಹೋಗುತ್ತಾರೆ. ಬೋರ್ಡಿಂಗ್ ಪಾಸಿನ ಮೇಲೆ ನಾಲ್ಕು ಎಸ್ ಅಕ್ಷರ ಅಚ್ಚಾಗಿದ್ದರೆ ಹೆಚ್ಚುವರಿ ತಪಾಸಣೆಗೆ ಆರಿಸಿದ್ದಾರೆಂದು ಅರ್ಥ, ಅಪರಾಧವೆಂದಲ್ಲ. ಇದನ್ನು ಅವರಿಗೆ ಹೇಳುವವರು ಬೇಕು.

ನಿಮ್ಮ ಮನೆಯಿಂದ ಅಮ್ಮನೋ ಮಾವನೋ ವಿದೇಶಕ್ಕೆ ಹೊರಡುವ ಮುನ್ನ ಒಂದು ಸಂಜೆ ಅವರ ಜೊತೆ ಕೂತುಕೊಳ್ಳಿ. ಎಲ್ಲಿ ಸಾಲು, ಎಲ್ಲಿ ಟ್ರೇ, ಎಲ್ಲಿ ಕೈ ಎತ್ತಬೇಕು ಎಂದು ಮಾಡಿ ತೋರಿಸಿ. ಹೆಂಗಸರನ್ನು ಹೆಂಗಸರೇ ನೋಡುತ್ತಾರೆ, ಬೇರೆ ಕೋಣೆ ಕೇಳಬಹುದು ಎಂದು ಧೈರ್ಯ ಹೇಳಿ. ಆಪರೇಷನ್ ಆದ ಜಾಗ, ಔಷಧಿ, ಹೋಗುವ ವಿಳಾಸ, "ನನಗೆ ಕನ್ನಡ ಮಾತ್ರ ಬರುತ್ತದೆ" ಅನ್ನುವ ಸಾಲು, ಇವಿಷ್ಟನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಪಾಸ್‌ಪೋರ್ಟಿನೊಳಗಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.

ನಮ್ಮ ನಿಲ್ದಾಣಗಳನ್ನು ನಡೆಸುವವರಲ್ಲೂ ಒಂದು ಕೋರಿಕೆ. ಕನ್ನಡದ ಫಲಕಗಳು ದಾರಿ ತೋರಿಸುತ್ತವೆ, ಅದು ಸಂತೋಷ. ಅದರ ಜೊತೆಗೆ ತಪಾಸಣೆಯಲ್ಲಿ ಏನಾಗುತ್ತದೆ, ಯಾಕೆ ಆಗುತ್ತದೆ, ಮುಂದಿನ ದೇಶದಲ್ಲಿ ಏನು ಬೇರೆ ಇರುತ್ತದೆ ಎಂದು ಹೇಳುವ ಐದು ನಿಮಿಷದ ಕನ್ನಡದ ಚಿತ್ರವೊಂದು ಸಾಲಿನ ಪಕ್ಕದ ಪರದೆಯಲ್ಲಿ ಓಡಲಿ. ಖರ್ಚು ಹೆಚ್ಚಲ್ಲ, ಉಪಕಾರ ದೊಡ್ಡದು.

ಇಷ್ಟು ಹೇಳಿದರೆ ಹಿರಿಯರು ಉಳಿದದ್ದನ್ನು ತಾವೇ ನಿಭಾಯಿಸುತ್ತಾರೆ. ಕಳೆದ ತಿಂಗಳು ತಿಪಟೂರಿನ ಅವರ ಬೀದಿಯಿಂದ ಒಬ್ಬರು ಮಗನ ಮನೆಗೆಂದು ಹೊರಟಾಗ, ಕೈಚೀಲ ಬಿಚ್ಚಿಸಿ ಕೊಬ್ಬರಿ ತೆಗೆಸಿ ಕಾರಣ ಹೇಳಿ ಕಳಿಸಿದ್ದು ನಮ್ಮ ದೊಡ್ಡಮ್ಮ.